ಅಪ್ಪನ ಬಟ್ಟಲು ಬೇರೆ ಇಡಬೇಡ ಅಮ್ಮ

ಹೈಡಲ್‌ಬರ್ಗ್, ಜರ್ಮನಿ, ಭಾನುವಾರ

ಅಮ್ಮ, ನಮಸ್ಕಾರ. ನಾನು ಹುಷಾರಿದ್ದೇನೆ. ಮುರಳಿಯ ಮೆಸೇಜ್ ನೋಡಿದ ಮೇಲೆ ನಿದ್ದೆ ಸರಿ ಬರ್ಲಿಲ್ಲ. ಅಪ್ಪ ರಕ್ತ ಕೊಡ್ಲಿಕ್ಕೆ ಹೋದಾಗ ಹೆಪಟೈಟಿಸ್ ಬಿ ಅಂತ ಗೊತ್ತಾದದ್ದಕ್ಕಿಂತ, ನೀನು ಅವರ ಬಟ್ಟಲು ಲೋಟ ಬೇರೆ ಮಾಡಿ ಹಿಂದಿನ ಜಗಲಿಯಲ್ಲಿ ಇಟ್ಟಿದ್ದಿ, ಅವರು ಅಲ್ಲೇ ಒಬ್ಬರೇ ಕೂತು ಉಣ್ತಾರೆ ಅಂತ ಓದಿ ಹೆಚ್ಚು ಬೇಜಾರಾಯ್ತು.

ಒಟ್ಟಿಗೆ ಉಂಡ್ರೆ ಇದು ಹರಡುದಿಲ್ಲ ಅಮ್ಮ. ರಕ್ತದಿಂದ, ಗಂಡ ಹೆಂಡತಿ ಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರ್ತದೆ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಶ್ಶು ಮಾತ್ರ ಬೇರೆ ಇರ್ಲಿ. ನೀನೂ ಮುರಳಿಯೂ ಟೆಸ್ಟ್ ಮಾಡ್ಸಿ, ಇಲ್ಲ ಅಂತ ಬಂದ್ರೆ ಲಸಿಕೆ ಹಾಕ್ಸಿ, ಈಗ ಒಂದು, ತಿಂಗಳು ಕಳೆದು ಒಂದು, 6ನೇ ತಿಂಗಳಿಗೆ ಒಂದು.

ನಾನು ಇಲ್ಲಿ ದಿನಾ ಮಾಡುದು ಇದರದ್ದೇ ಕೆಲಸ. ಈ ವೈರಸ್ಸಿನ ಡಿಎನ್ಎ ಲಿವರ್ ಸೆಲ್ಲಿನ ಒಳಗೆ ಹೋಗಿ, ನಮ್ಮದೇ ಹಿಸ್ಟೋನ್ ಪ್ರೋಟೀನಿಗೆ ಸುತ್ತಿಕೊಂಡು ಕೂತುಬಿಡ್ತದೆ, ಮದ್ದು ಅದನ್ನು ಅಡಗಿಸ್ತದೆ, ಪೂರ್ತಿ ಕೀಳ್ಲಿಕ್ಕೆ ಆಗುದಿಲ್ಲ. ಆ ಪ್ರೋಟೀನಿಗೆ ನಮ್ಮ ಶರೀರ ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಸಣ್ಣ ಗುರುತು ಅಂಟಿಸ್ತದೆ, ಮಿಥೈಲ್ ಅಂತ. ನಮ್ಮ ಗೋಣಿಗೆ ಗುರುತು ಹಾಕಿ ಹೊಸ ಅಡಿಕೆ, ಹಳೆ ಅಡಿಕೆ ಬೇರೆ ಮಾಡುವ ಹಾಗೆ. ಪಿಆರ್‌ಎಮ್‌ಟಿ5 ಅನ್ನುವ ಕಿಣ್ವ ಅಲ್ಲಿ ಗುರುತು ಹಾಕಿದ್ರೆ ವೈರಸ್ಸಿನ ಬಾಯಿ ಮುಚ್ತದೆ ಅಂತ 2017ರಲ್ಲೇ ತೋರಿಸಿದ್ದಾರೆ. ಹಾಗಾದ್ರೆ ಅದನ್ನೇ ಜಾಸ್ತಿ ಮಾಡಿದ್ರೆ ಆಯ್ತಲ್ಲ ಅಂತ ಮುರಳಿ ಕೇಳ್ತಾನೆ, ನಂಗೊತ್ತು. ಆದ್ರೆ ಕೆಲವು ಕ್ಯಾನ್ಸರಿನಲ್ಲಿ ಇದೇ ಕಿಣ್ವ ಮಿತಿ ಮೀರಿ ಇರ್ತದೆ, ಅದನ್ನು ತಡೆಯುವ ಮದ್ದಿನ ಪ್ರಯೋಗ ನಡೀತಾ ಉಂಟು. ಕೊರೋನಾದಲ್ಲಿ ಅದರ ಅಣ್ಣನಂಥ ಇನ್ನೊಂದು ಕಿಣ್ವ ಪಿಆರ್‌ಎಮ್‌ಟಿ1 ವೈರಸ್ಸಿನ ಪ್ರೋಟೀನಿಗೇ ಗುರುತು ಹಾಕಿ ವೈರಸ್ಸಿಗೇ ಸಹಾಯ ಮಾಡ್ತದೆ. ಹಾಗಾಗಿ ಇದು ನಾಳೆಯೇ ಮಾತ್ರೆ ಆಗುವ ವಿಷಯ ಅಲ್ಲ.

ನೆಲನೆಲ್ಲಿ ಕಷಾಯ ಕೊಡ್ತಾ ಇದ್ದಿಯಂತೆ. 1988ರಲ್ಲಿ ಮದರಾಸಿನವರು ಅದರಿಂದ ಗುಣ ಕಂಡಿತು ಅಂತ ಬರೆದಿದ್ರು, ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಅದು ಸಿಗ್ಲಿಲ್ಲ. ಮಂಗಳೂರಿನ ಡಾಕ್ಟ್ರು ಹೇಳಿದ ವೈರಲ್ ಲೋಡ್ ಟೆಸ್ಟ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟು ಉಂಟು ಅಂತ ನೋಡುವ ಟೆಸ್ಟ್, ಮಾತ್ರ ತಪ್ಪಿಸ್ಬೇಡಿ. ದುಡ್ಡು ಕಳಿಸಿದ್ದೇನೆ, ಅಡಿಕೆ ಈಗ ಮಾರ್ಬೇಡಿ.

ಇಲ್ಲಿ ಭಾನುವಾರ ಅಂಗಡಿ ಎಲ್ಲ ಬಂದ್, ಖಾಲಿ ಪ್ಲಾಸ್ಟಿಕ್ ಬಾಟ್ಲಿ ಕೊಟ್ರೆ 25 ಸೆಂಟ್ ವಾಪಸ್ ಕೊಡ್ತಾರೆ, ಊರಲ್ಲೂ ಹೀಗೆ ಮಾಡಿದ್ರೆ ತೋಡು ಎಷ್ಟು ಚೆನ್ನಾಗಿರ್ತದೆ ಅಂತ ಕಾಣ್ತದೆ.

ಅಪ್ಪನಿಗೆ ಏನೂ ಆಗುದೇ ಇಲ್ಲ ಅಂತ ನಾನು ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ, ಆದ್ರೆ ಎಷ್ಟೋ ಜನ ಇದನ್ನಿಟ್ಟುಕೊಂಡೇ ಮೊಮ್ಮಕ್ಕಳನ್ನು ನೋಡಿದ್ದಾರೆ, ನೀನು ಅಳ್ಬೇಡ. ಇವತ್ತು ರಾತ್ರಿಯೇ ಆ ಬಟ್ಟಲು ಒಳಗೆ ತಾ. ಲ್ಯಾಬಿನಲ್ಲಿ ಬೆಳೆಸುವ ಸೆಲ್ಲುಗಳಿಗೆ ಆಹಾರ ಬದಲಿಸ್ಲಿಕ್ಕೆ ಹೊತ್ತಾಯ್ತು, ಓಡ್ತೇನೆ. ಅಕ್ಕನಿಗೆ ಹೇಳು.

ನಿನ್ನ ವಿದ್ಯಾ