ದಿನದ ತೂಕ ನಿಲ್ಲಿಸುತ್ತಿದ್ದೇವೆ, ವಾರಕ್ಕೊಮ್ಮೆ ಟೇಪು ಸಾಕು

ಆತ್ಮೀಯ ಸದಸ್ಯರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಆನ್‌ಲೈನ್ ಕಾರ್ಯಕ್ರಮದಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿ ಆ್ಯಪ್‌ಗೆ ಹಾಕುವ ಕೆಲಸ ಇರುವುದಿಲ್ಲ. ಪ್ರತಿ ಭಾನುವಾರ ಸೊಂಟದ ಸುತ್ತಳತೆ ಕಳಿಸಿದರೆ ಆಯಿತು.

ಯಾಕೆ ಅಂದರೆ, ಮೆಟಬಾಲಿಕ್ ಸಿಂಡ್ರೋಮ್ (ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬರುವ ಸಂಭವ ಹೆಚ್ಚಿಸುವ ತೊಂದರೆಗಳ ಗುಂಪು) ಇದೆಯೋ ಇಲ್ಲವೋ ಅಂತ ಡಾಕ್ಟರು ನೋಡುವುದು ಐದು ಅಂಶ: ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್). ಮೂರು ಹದ ತಪ್ಪಿದರೆ ಇದೆ ಅಂತ ಲೆಕ್ಕ. ಈ ಪಟ್ಟಿಯಲ್ಲಿ ತೂಕ ಇಲ್ಲವೇ ಇಲ್ಲ. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಜಾಸ್ತಿ, ಅಲ್ವಾ? ಅದಕ್ಕೇ ದಕ್ಷಿಣ ಏಷ್ಯಾದವರಿಗೆ ಸೊಂಟದ ಮಿತಿ ಕಡಿಮೆ ಇಟ್ಟಿದ್ದಾರೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ತೂಕವೋ, ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೂ ಬೆಳಿಗ್ಗೆ ಏರಿರುತ್ತದೆ. ಅದನ್ನು ನೋಡಿ ಬೇಜಾರಾಗಿ ಯಾರೂ ವಾಕಿಂಗ್ ಬಿಡಬಾರದು. ಚೆನ್ನೈನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಧೈರ್ಯ ಕೊಟ್ಟಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ಊಟ, ನಡಿಗೆ ತಿದ್ದಿಕೊಂಡಾಗ ಕಾಯಿಲೆ ಬರುವ ಸಂಭವ ಶೇ 28.5ರಷ್ಟು ತಗ್ಗಿತ್ತು. ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ!

ಅಳತೆ ಮಾತ್ರ ಸರಿಯಾಗಿರಲಿ. ಪ್ಯಾಂಟು, ಸೀರೆ ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತದೆ ಅಂತ ಬೆರಳಿನಿಂದ ಮುಟ್ಟಿ ನೋಡಿ. ಅವೆರಡರ ನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಸುಮ್ನೆ ಉಸಿರು ಬಿಟ್ಟ ಮೇಲೆ ಓದಿ. ಟೇಪು ಚರ್ಮಕ್ಕೆ ತಾಗಿರಲಿ, ಒತ್ತಬಾರದು. ಟೇಪನ್ನು ನಾವೇ ಅಂಚೆಯಲ್ಲಿ ಕಳಿಸುತ್ತೇವೆ.

ಇನ್ನು ಹದಿನೈದು ದಿನಕ್ಕೊಮ್ಮೆ ನಮ್ಮ ಆಹಾರ ತಜ್ಞರು ಫೋನ್ ಮಾಡುತ್ತಾರೆ. ನಿಮ್ಮ ತಟ್ಟೆಯ ವಿಷಯವನ್ನೇ ಮಾತಾಡುತ್ತಾರೆ. ಮುದ್ದೆ ಎಷ್ಟು, ಜೊತೆಗೆ ಸೊಪ್ಪು, ಹುರುಳಿಕಾಳು ಎಷ್ಟು, ಸಂಜೆ ಕಾಫಿಗೆ ಬಿಸ್ಕತ್ತು ಬೇಕೇಬೇಕಾ, ಊಟ ಆದ ಮೇಲೆ ಸ್ವಲ್ಪ ಹೊತ್ತು ನಡೆದಿರಾ, ಇಂಥವು.

ಒಂದು ಮುಖ್ಯ ಮಾತು. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುಂಚೆ ನಿಮ್ಮ ಡಾಕ್ಟರಿಗೆ ದಯವಿಟ್ಟು ತಿಳಿಸಿ. ಸಕ್ಕರೆ ತೀರಾ ಇಳಿದುಬಿಡಬಹುದು. ಔಷಧಿ ಬದಲಿಸುವುದು ಅವರ ಕೆಲಸ, ನಾವು ಅದಕ್ಕೆ ಕೈ ಹಾಕುವುದಿಲ್ಲ.

ಶುಲ್ಕ ಮೊದಲಿನಷ್ಟೇ. ಹಳೆಯ ತೂಕದ ದಾಖಲೆ ಆ್ಯಪ್‌ನಲ್ಲೇ ಇರುತ್ತದೆ. ಫೋನ್‌ಗೆ ಯಾವ ಹೊತ್ತು ಅನುಕೂಲ ಅಂತ ಈ ತಿಂಗಳ ಕೊನೆಯೊಳಗೆ ಬರೆದು ಕಳಿಸಿ.

ಇಂತಿ,
ನಿಮ್ಮ ಕಾರ್ಯಕ್ರಮದ ತಂಡ, ಮೈಸೂರು