ಬ್ಯಾನ್ಫ್‌ನಲ್ಲಿ ಮನೆ ಯಾರಿಗೆ?

ಬೇಸಿಗೆ ಬಂತೆಂದರೆ ಕೆನಡಾದ ಕ್ಯಾಲ್ಗರಿಯ ನಮ್ಮ ಕನ್ನಡ ಕುಟುಂಬಗಳಲ್ಲಿ, ರಾಕಿ ಪರ್ವತಗಳ ನಡುವಿನ ಪುಟ್ಟ ಊರಾದ ಬ್ಯಾನ್ಫ್‌ಗೆ ಹೋಗದವರು ಅಪರೂಪ. ಊರಿನಿಂದ ಬಂದ ತಂದೆತಾಯಿಗಳನ್ನು ಮೊದಲು ಕರೆದೊಯ್ಯುವುದೂ ಅಲ್ಲಿಗೇ. ಒಂದೂವರೆ ಗಂಟೆಯ ದಾರಿಯಾದ್ದರಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ನಮಗೆ, ಅಲ್ಲಿ ವರ್ಷವಿಡೀ ಸಂಸಾರ ನಡೆಸುವವರೂ ಇದ್ದಾರೆಂಬುದು ಅಷ್ಟಾಗಿ ಹೊಳೆಯುವುದಿಲ್ಲ. 2021ರ ಜನಗಣತಿಯ ಪ್ರಕಾರ ಅವರು ಸುಮಾರು 8,300 ಮಂದಿ. ಊರಿನ ವಿಸ್ತೀರ್ಣ ಹೆಚ್ಚುಕಡಿಮೆ 4 ಚದರ ಕಿಲೋಮೀಟರ್. ಅದನ್ನು ಸುತ್ತುವರಿದ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ಬರುವವರು 40 ಲಕ್ಷಕ್ಕೂ ಹೆಚ್ಚು.

1990ರಲ್ಲಿ ಬ್ಯಾನ್ಫ್‌ಗೆ ತನ್ನದೇ ಪುರಸಭೆ ಬಂದರೂ ನೆಲ ಇಂದಿಗೂ ಕೇಂದ್ರ ಸರ್ಕಾರದ್ದೇ; ಮನೆ ಕೊಂಡವರಿಗೆ ದಕ್ಕುವುದು ಭೂಮಿಯ ಗುತ್ತಿಗೆಯ ಹಕ್ಕು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಹಣವಿದ್ದ ಮಾತ್ರಕ್ಕೆ ಯಾರೂ ಅಲ್ಲಿ ನೆಲೆಸುವಂತಿಲ್ಲ. ಉದ್ಯಾನದೊಳಗೆ ಮುಖ್ಯ ಉದ್ಯೋಗವಿರುವವರು, ಅಲ್ಲಿಯೇ ವ್ಯಾಪಾರ ನಡೆಸುವವರು, ನಿಗದಿತ ಕಾಲ ದುಡಿದು ನಿವೃತ್ತರಾದವರು, ಇಂಥವರ ಕುಟುಂಬದವರು, ಹೀಗೆ ವಾಸಕ್ಕೆ ಕಾರಣ ತೋರಿಸಬಲ್ಲವರಿಗಷ್ಟೇ ಅವಕಾಶ. ವಾರಾಂತ್ಯದ ಬಂಗಲೆಯ ಕನಸು ಕಾಣುವವರಿಗೆ ಇದು ಕಿರಿಕಿರಿಯೆನಿಸಬಹುದು, ನನಗಂತೂ ಸರಿಯಾದ ನಿಯಮವೆಂದೇ ತೋರುತ್ತದೆ. ಇದಿಲ್ಲದಿದ್ದರೆ ವರ್ಷದ ಬಹುಪಾಲು ಬೀಗ ಹಾಕಿರುವ ಮನೆಗಳ ಸಾಲೇ ಊರಾಗುತ್ತಿತ್ತು. ಆದರೆ ಮನೆಯನ್ನು ಹೊರಗಿನವರ ಪಾಲಾಗದಂತೆ ಕಾಯುವ ನಿಯಮ ಹೊಸ ಮನೆಯನ್ನು ಕಟ್ಟಿಕೊಡುವುದಿಲ್ಲ. ಊರಿನ ಎಲ್ಲೆ ಬೆಳೆಯುವಂತಿಲ್ಲವಾದ್ದರಿಂದ, ನಮ್ಮ ಹೋಟೆಲ್ ಕೋಣೆಯ ಹಾಸಿಗೆ ಸರಿಪಡಿಸುವ ಹುಡುಗ ಹುಡುಗಿಯರು ಎಷ್ಟೋ ಸಲ ಒಂದೇ ಕೋಣೆಯನ್ನು ಹಂಚಿಕೊಂಡು ದಿನ ದೂಡುತ್ತಾರೆ.

ನಮ್ಮ ಸಂತೋಷ ಅಲ್ಲಿನವರಿಗೆ ತೊಂದರೆಯಾಗುವುದಕ್ಕೆ ಊರಿನ ಮುಖ್ಯ ಬೀದಿಯಾದ ಬ್ಯಾನ್ಫ್ ಅವೆನ್ಯೂವಿನ ವಿಚಾರವನ್ನೇ ನೋಡಿ. ಬೇಸಿಗೆಯಲ್ಲಿ ಅದರ ಒಂದು ಭಾಗವನ್ನು ವಾಹನಗಳಿಗೆ ಮುಚ್ಚಿ ಪಾದಚಾರಿಗಳಿಗೆ ಬಿಟ್ಟಾಗ ಪ್ರವಾಸಿಗರಾದ ನಾವು ಹಿಗ್ಗಿದೆವು. ಅಲ್ಲಿಂದ ತಿರುಗಿದ ಕಾರುಗಳೆಲ್ಲ ಮನೆಗಳಿರುವ ಓಣಿಗಳಿಗೆ ನುಗ್ಗುತ್ತಿವೆ ಎಂಬುದು ಅಲ್ಲಿನ ಹಲವರ ದೂರಾಗಿತ್ತು. 2024ರ ಆಗಸ್ಟ್‌ನಲ್ಲಿ ನಡೆದ ಜನಮತಗಣನೆಯಲ್ಲಿ ನಿವಾಸಿಗಳು ಕಡಿಮೆ ಅಂತರದಿಂದ ಆ ವ್ಯವಸ್ಥೆಯನ್ನು ತಿರಸ್ಕರಿಸಿದರು. ಆ ಬೀದಿಯಲ್ಲಿ ಅಡ್ಡಾಡುವುದು ನನಗೆ ಬಹಳ ಇಷ್ಟವಾಗಿತ್ತು, ಆದರೂ ತೀರ್ಪು ಕೊಡಬೇಕಾದವರು ಅವರೇ.

ಕಾಡುಪ್ರಾಣಿಗಳ ಜೊತೆಗಿನ ಬದುಕಂತೂ ನಮ್ಮ ಕಲ್ಪನೆಗಿಂತ ಕಟ್ಟುನಿಟ್ಟಿನದು. ಬೀದಿಬದಿಯ ಲೋಹದ ಕಸದ ಪೆಟ್ಟಿಗೆಯ ಹಿಡಿಕೆಯೊಳಗೆ ಕೈಬೆರಳು ತೂರಿಸಿ, ಒಳಗಿನ ಚಿಲಕವನ್ನು ಒತ್ತಿದರೆ ಮಾತ್ರ ಮುಚ್ಚಳ ತೆರೆಯುತ್ತದೆ. ಕರಡಿಯ ಪಂಜಕ್ಕೆ ಆ ಸಂದು ಸಾಲದು. ಅದನ್ನು ತೆರೆಯಲಾಗದೆ ತಿಂಡಿಯ ಪೊಟ್ಟಣವನ್ನು ಪಕ್ಕದಲ್ಲಿಟ್ಟು ಹೋಗುವವರನ್ನು ಕಂಡಿದ್ದೇನೆ. ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿಯೂ ಬರುತ್ತದೆ. ಹಾಗೆಯೇ ಮೇ, ಜೂನ್ ತಿಂಗಳುಗಳಲ್ಲಿ ಮರಿಯಿರುವ ಎಲ್ಕ್ ಎಂಬ ದೊಡ್ಡ ಜಿಂಕೆ ಬಲು ಸಿಡುಕಿನದು. 30 ಮೀಟರ್ ದೂರವಿರಬೇಕೆಂಬ ನಿಯಮ ಫೋಟೊ ಹಿಡಿಯುವವರಿಗೂ ಅನ್ವಯಿಸುತ್ತದೆ. ಕರಡಿಗಾದರೆ 100 ಮೀಟರ್.

ಈ ಬಾರಿಯ ಬೇಸಿಗೆ ವಿಹಾರಕ್ಕೆ ನಮ್ಮ ಕನ್ನಡ ಸಂಘವು ಬ್ಯಾನ್ಫನ್ನೇ ಆರಿಸುವುದಾದರೆ, ಮೂವತ್ತು ಕಾರುಗಳ ಮೆರವಣಿಗೆಯ ಬದಲು ಒಂದು ಬಸ್ಸು ಮಾಡಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ಅದೇ ಉದ್ಯಾನದ ಮೊರೇನ್ ಸರೋವರದ ರಸ್ತೆಯಲ್ಲಿ 2023ರಿಂದ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಅಲ್ಲಿಗೆ ಹೋಗುವ ಆಸೆಯಿದ್ದವರು ಶಟಲ್ ಬಸ್ಸಿನ ಸೀಟನ್ನು ಈಗಲೇ ಕಾದಿರಿಸುವುದು ಒಳ್ಳೆಯದು.