ಐದು ಕುದುರೆಗಳು ಸಾಕು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಅಂತರ್ಜಾಲದಲ್ಲಿ ಕುದುರೆ ಸಾಕುವ ಹೌರ್ಸ್ ಆಟದಲ್ಲಿ ನಿನ್ನ ಲಾಯಕ್ಕೆ 17ನೆಯ ಕುದುರೆ ಬಂದಿತೆಂದು ಸಂಭ್ರಮದಿಂದ ಬರೆದಿದ್ದೀಯೆ. ಅದೇ ಕಾಗದದ ಕೊನೆಯಲ್ಲಿ, ಮೂರು ಕುದುರೆಗಳು ಸೊರಗಿವೆ, ಕಾರಣ ತಿಳಿಯುತ್ತಿಲ್ಲ ಎಂದೂ ಬರೆದಿದ್ದೀಯೆ. ಕಾರಣ ಮೊದಲ ಸಾಲಿನಲ್ಲೇ ಇದೆ, ಮಗು. 2005ರಲ್ಲಿ ಆರಂಭವಾದ ಆ ಆಟವನ್ನು ನಾನೂ ಬಹಳ ಕಾಲ ಬಿಡದೆ ಆಡಿದವಳು. ಹದಿನೇಳು ಕುದುರೆಗಳನ್ನು ದಿನವೂ ಸರಿಯಾಗಿ ನೋಡಿಕೊಳ್ಳುವಷ್ಟು ಸಮಯ ಓದುವ ಹುಡುಗಿಯ ಬಳಿ ಇರುವುದಿಲ್ಲವೆಂದು ಅನುಭವದಿಂದಲೇ ಹೇಳುತ್ತಿದ್ದೇನೆ. ಐದನ್ನು ಉಳಿಸಿಕೊಂಡು ಮಿಕ್ಕವನ್ನು ಆಟದೊಳಗಿನ ಮಾರಾಟಕ್ಕೆ ಬಿಡು. ಅವುಗಳನ್ನು ಚೆನ್ನಾಗಿ ನೋಡಿಕೊಳ್ಳುವವರು ಸಿಗುತ್ತಾರೆ.

ಉಳಿಸಿಕೊಂಡ ಐದರ ಆರೈಕೆಗೆ ಒಂದು ಕ್ರಮವಿರಲಿ. ಪುಟ ತೆರೆದ ಕೂಡಲೇ ಸ್ಪರ್ಧೆಗೋ ತರಬೇತಿಗೋ ಓಡಬೇಡ. ಮೊದಲು ಶಕ್ತಿ, ಆರೋಗ್ಯ, ಉತ್ಸಾಹ ಎಷ್ಟಿವೆಯೆಂದು ನೋಡು. ಬಳಿಕ ಮೇವು ಹಾಕು, ನೀರು ಕುಡಿಸು, ಮೈದಡವು, ಮೈ ಉಜ್ಜು. ಮೇವಿನ ವಿಷಯದಲ್ಲಿ ನೀನು ಎಲ್ಲ ಕುದುರೆಗಳಿಗೂ ಒಂದೇ ಅಳತೆ ಹಾಕುತ್ತಿರುವೆಯೆಂದು ನನ್ನ ಊಹೆ. ತೂಕ ಇಳಿದ ಕುದುರೆಗೂ ಮೈ ಬಂದ ಕುದುರೆಗೂ ಒಂದೇ ಅಳತೆ ಸಲ್ಲದು. ಪ್ರತಿಯೊಂದರ ಪುಟದಲ್ಲಿ ಅಂದಿಗೆ ಎಷ್ಟು ಬೇಕೆಂದು ಸೂಚನೆಯಿರುತ್ತದೆ, ಅದನ್ನು ಓದಿಯೇ ಹಾಕು. ನಿಜವಾದ ಕುದುರೆಯ ಹೊಟ್ಟೆ ಅದರ ದೇಹಕ್ಕೆ ಹೋಲಿಸಿದರೆ ಬಹಳ ಚಿಕ್ಕದು, ಆದ್ದರಿಂದಲೇ ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚಿನ ಹೊತ್ತು ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಇದನ್ನು ತಿಳಿದ ಮೇಲೆ ಪರದೆಯ ಮೇಲಿನ ಕುದುರೆಗೂ ಆತುರದಿಂದ ಮೇವು ಸುರಿದು ಮುಂದಿನ ಪುಟಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಆಟದಲ್ಲಿ ಕುದುರೆಯ ದಿನ ಬೆಳಗಿನ ಎಂಟಕ್ಕೆ ಶುರುವಾಗುತ್ತದೆ, ನೀನು ಮಾಡಿಸುವ ಒಂದೊಂದು ಕೆಲಸವೂ ಅದರ ಗಡಿಯಾರದಿಂದ ಒಂದಿಷ್ಟು ಹೊತ್ತನ್ನು ತೆಗೆದುಕೊಳ್ಳುತ್ತದೆ. ತರಬೇತಿಯಲ್ಲೇ ಶಕ್ತಿಯನ್ನೆಲ್ಲ ಬಸಿದುಬಿಟ್ಟರೆ ಮರುದಿನ ಅದು ಬಳಲಿಕೆಯಲ್ಲೇ ಏಳುತ್ತದೆ. ಕೊನೆಗೆ ಮಲಗಿಸುವುದನ್ನಂತೂ ಮರೆಯಲೇಬಾರದು, ಶಕ್ತಿ ಮರಳುವುದು ಆ ನಿದ್ದೆಯಿಂದ. ನಿಜವಾದ ಕುದುರೆಗೆ ದೀರ್ಘ ನಿದ್ದೆ ಬೇಕಿಲ್ಲ. ದಿನಕ್ಕೆ ಸುಮಾರು ಮೂರು ಗಂಟೆ ನಿದ್ದೆ ಅದಕ್ಕೆ ಸಾಕು, ಅದರಲ್ಲೂ ಬಹುಪಾಲು ನಿಂತುಕೊಂಡೇ.

ಕುದುರೆಯನ್ನು ಆಟದೊಳಗಿನ ಸವಾರಿ ಕೇಂದ್ರದಲ್ಲಿ ಇಂತಿಷ್ಟು ದಿನವೆಂದು ಇರಿಸುವ ನೋಂದಣಿಯ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕಿದೆ, ಏಕೆಂದರೆ ಅದರಲ್ಲಿ ಎಡವಿದವಳು ನಾನು. ನನಗೊಂದು ಕಂದು ಬಣ್ಣದ ಹೆಣ್ಣು ಕುದುರೆಯಿತ್ತು. ಕೆಲಸದ ಒತ್ತಡದ ವಾರವೊಂದರಲ್ಲಿ ಅದನ್ನು ಕುದುರೆ ಸವಾರಿ ಕೇಂದ್ರದಲ್ಲಿ ಮೂರೇ ದಿನಕ್ಕೆ ನೋಂದಾಯಿಸಿ, ಅವಧಿ ಮುಗಿಯುವುದನ್ನು ಗಮನಿಸದೆ ಹೋದೆ. ಮತ್ತೆ ಪುಟ ತೆರೆದಾಗ ಆರೋಗ್ಯದ ಅಂಕಿ ಕುಸಿದಿತ್ತು. ಹಿಂದಿನ ವಾರ ನಾನೇ ತೊಡಿಸಿದ್ದ ಕೆಂಪು ಜೀನು ಮಾತ್ರ ಬೆನ್ನ ಮೇಲೆ ಹಾಗೆಯೇ ಇತ್ತು. ಚಿತ್ರವೇ ಆದರೂ ಅದನ್ನು ನೋಡಿ ನನ್ನ ಕರುಳು ಚುರುಕ್ಕೆಂದಿತು. ಪರೀಕ್ಷೆಯ ದಿನಗಳು ಬರುವ ಮುನ್ನವೇ ನೀನು ದೀರ್ಘ ಅವಧಿಗೆ ನೋಂದಾಯಿಸಿ, ಮುಗಿಯುವ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಟ್ಟುಕೋ.

ದುಡ್ಡು ಕೊಟ್ಟು ಆಟದೊಳಗಿನ ನಾಣ್ಯವಾದ ಪಾಸ್ ಕೊಳ್ಳುವ ಆಸೆಯನ್ನು ಹತ್ತಿರ ಸೇರಿಸಬೇಡ. ಅಪ್ಪ ಅಮ್ಮನನ್ನು ಕೇಳದೆ ಒಂದು ರೂಪಾಯಿಯೂ ಅಲ್ಲಿಗೆ ಹೋಗಕೂಡದು. ಕುದುರೆ ಬೇಗ ದೊಡ್ಡದಾಗಲಿ ಎಂಬ ಅವಸರವೂ ಬೇಡ. ಆಟದ ಒಂದು ದಿನಕ್ಕೆ ಅದಕ್ಕೆ ಎರಡು ತಿಂಗಳು ತುಂಬುತ್ತದೆ, ಅಂದರೆ ಆರು ದಿನಕ್ಕೆ ಒಂದು ವರ್ಷ. ಅದೇ ಸಾಕಷ್ಟು ವೇಗ. ಗಬ್ಬದ ಅವಧಿಯನ್ನು ಮಾತ್ರ ಆಟ ನಿಜ ಜೀವನದಂತೆಯೇ 11 ತಿಂಗಳೆಂದು ಇಟ್ಟುಕೊಂಡಿದೆ, ಆದ್ದರಿಂದ ತಾಯಿ ಕುದುರೆಯನ್ನು ಸುಮಾರು ಆರು ದಿನ ಜೋಪಾನ ಮಾಡಬೇಕಾಗುತ್ತದೆ.

ನಿನ್ನೆ ಹುಟ್ಟಿತೆಂದು ಬರೆದ ಮರಿಯನ್ನು ಆ ಐದರಲ್ಲಿ ಖಂಡಿತ ಸೇರಿಸಿಕೋ. ಆರು ತಿಂಗಳು, ಅಂದರೆ ಆಟದ ಮೂರು ದಿನ, ತುಂಬುವವರೆಗೆ ಅದಕ್ಕೆ ತಾಯಿಯ ಹಾಲೇ ಆಹಾರ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಆ ಗಡುವು ಮುಗಿದು ಹುಲ್ಲು ಹಾಕುವ ದಿನ ಬಂದಿರುತ್ತದೆ. ಮೊದಲು ಅದರ ಪುಟ ತೆರೆದು ನೋಡು, ಆಮೇಲೆ ನನಗೆ ಉತ್ತರ ಬರೆ.

ಇಂತು ನಿನ್ನ ಪ್ರೀತಿಯ ದೊಡ್ಡಮ್ಮ